ಕುಂಕುಮ ಹಚ್ಚಿದ ರಿವಾಲ್ವರ್

ಹಳೇ ರಿವಾಲ್ವರ್ ಕೈಗೆ ಬಂದರೆ ನಾನು ಮೊದಲು ನೋಡುವುದು ಅದರ ಸ್ಕ್ರೂಗಳನ್ನು. ನಳಿಕೆಯನ್ನಲ್ಲ, ಹೊಳಪನ್ನಲ್ಲ, ಹಿಡಿಯ ಮೇಲಿನ ಕೆತ್ತನೆಯನ್ನಂತೂ ಅಲ್ಲವೇ ಅಲ್ಲ. ಸ್ಕ್ರೂ ತಲೆಯ ಗೀರು ಕಿತ್ತುಹೋಗಿದ್ದರೆ ಯಾವನೋ ಮನೆಯಲ್ಲಿದ್ದ ಅಗ್ಗದ ಸ್ಕ್ರೂಡ್ರೈವರ್ ಹಾಕಿ ತಿರುವಿದ್ದಾನೆ ಎಂದರ್ಥ. ತಿರುವಿದವನು ಒಳಗೆ ಕೈಯಾಡಿಸದೆ ಬಿಟ್ಟಿರುವುದಿಲ್ಲ. ಸ್ಪ್ರಿಂಗ್ ಕತ್ತರಿಸಿರುತ್ತಾನೆ, ಅರ ಹಾಕಿ ಉಜ್ಜಿರುತ್ತಾನೆ, ಕೊನೆಗೆ ಒಂದು ಚೂರನ್ನು ಮೇಜಿನ ಮೇಲೇ ಮರೆತು ಮುಚ್ಚಿರುತ್ತಾನೆ. ಆಮೇಲೆ ಇಂಟರ್ನೆಟ್ ಹರಾಜಿಗೆ ಹಾಕಿ, ‘ನಮ್ಮ ಅಜ್ಜನದು, ಒಂದೇ ಒಂದು ಡಬ್ಬಿ ಗುಂಡು ಹಾರಿಸಿದ್ದು’ ಎಂದು ಬರೆಯುತ್ತಾನೆ. ಇಂಥವರ ಅಜ್ಜಂದಿರೆಲ್ಲ ಜೀವಮಾನದಲ್ಲಿ ಒಂದೇ ಡಬ್ಬಿ ಗುಂಡು ಹಾರಿಸಿ ಸತ್ತವರು.

2003ರಿಂದ ನಾಲ್ಕು ವರ್ಷ ಅಮೆರಿಕದ ಚಾಟ್ಸ್‌ವರ್ತ್‌ನಲ್ಲಿ ನನಗೆ ಇದೇ ಕೆಲಸ. ಅಡುಗೆಮನೆಯ ಕಪಾಟು ಮಾಡುವವನ ಶೆಡ್ಡಿಗೂ ಮೀನಿನ ತೊಟ್ಟಿ ಮಾಡುವವನ ಶೆಡ್ಡಿಗೂ ನಡುವೆ ನಮ್ಮದು. ಮಾಲೀಕ ಅಮೆರಿಕದವನೇ, ಅರವತ್ತು ದಾಟಿದ ಮನುಷ್ಯ. ಮುಚ್ಚಿಹೋದ ಸೆಕ್ಯುರಿಟಿ ಕಂಪನಿಗಳಿಂದ, ಬೆಂಕಿ ಬಿದ್ದ ಮನೆಗಳಿಂದ, ಗಂಡನ ಕಪಾಟು ಖಾಲಿಯಾದರೆ ಸಾಕು ಎನ್ನುವ ವಿಧವೆಯರಿಂದ ಕೆಟ್ಟ ರಿವಾಲ್ವರ್‌ಗಳನ್ನು ಒಟ್ಟೊಟ್ಟಿಗೆ ಕೊಳ್ಳುತ್ತಿದ್ದ. ಅವನ್ನು ಒಂದೊಂದಾಗಿ ಹರಾಜಿಗೆ ಹಾಕುತ್ತಿದ್ದ. ಪ್ರತಿಯೊಂದನ್ನೂ ಬಿಚ್ಚಿ, ನೋಡಿ, ಅದರ ಸ್ಥಿತಿ ಏನೆಂದು ಹತ್ತು ಹನ್ನೆರಡು ಸಾಲು ಬರೆಯುವವಳು ನಾನು.

ಈ ವಿದ್ಯೆ ನಾನು ಅಲ್ಲಿ ಕಲಿತದ್ದಲ್ಲ. ನಮ್ಮ ಅಬ್ಬ ಮೈಸೂರಿನಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದರು. ಮನೆಯಲ್ಲಿ ದಖ್ಖನಿ, ಅಂಗಡಿಯಲ್ಲಿ ಕನ್ನಡ. ಗಂಡುಮಕ್ಕಳಿರಲಿಲ್ಲ, ನನಗೋ ಅಡುಗೆಮನೆ ಎಂದರೆ ಆಗುತ್ತಿರಲಿಲ್ಲ. ಹಾಗಾಗಿ ಸ್ಕೂಲು ಬಿಟ್ಟ ಮೇಲೆ ಅಬ್ಬನ ಎದುರು ಸ್ಟೂಲ್ ಹಾಕಿಕೊಂಡು ಕೂತು ಕಲಿತೆ. ಚಾಟ್ಸ್‌ವರ್ತ್‌ನಲ್ಲಿ ನನ್ನ ಗಂಡ ವಿಮಾನದ ಬಿಡಿಭಾಗ ಮಾಡುವ ವರ್ಕ್‌ಶಾಪಿನಲ್ಲಿದ್ದ. ಒಂದು ಸ್ಕ್ರೂ ಮಾಡಿಸಲು ಅಲ್ಲಿಗೆ ಹೋಗಿದ್ದ ಈ ಮಾಲೀಕ, ಮಾರಿದ ಮಾಲೆಲ್ಲ ವಾಪಸ್ ಬರುತ್ತಿದೆ ಎಂದು ಗೋಳಾಡಿದನಂತೆ. ನನ್ನ ಹೆಂಡತಿಯನ್ನು ಕೇಳಿ ನೋಡಿ ಎಂದ ನನ್ನ ಗಂಡ. ತಲೆಯ ಮೇಲೆ ದುಪಟ್ಟಾ ಹಾಕಿಕೊಂಡು ಹೋದವಳನ್ನು ನೋಡಿ ಮಾಲೀಕ ನಕ್ಕ. ಮೂರು ರಿವಾಲ್ವರ್ ಮುಂದಿಟ್ಟ. ಒಂದು ನೀರಿನಲ್ಲಿ ಬಿದ್ದದ್ದು, ಒಂದು ಬೆಂಕಿಯಲ್ಲಿ ಬೆಂದು ಉಕ್ಕು ಮೆತ್ತಗಾದದ್ದು, ಮೂರನೆಯದನ್ನು ನೀನೇ ಕೆಡಿಸಿದ್ದೀಯ ಎಂದೆ. ನಗು ನಿಂತಿತು.

ಪರವಾನಗಿ ಕಾಗದಕ್ಕೆ ಬೆರಳಚ್ಚು ಕೊಡಲು ಹೋದಾಗ ಕೌಂಟರಿನವನು ನನ್ನ ದುಪಟ್ಟಾ ನೋಡಿದ, ಫಾರ್ಮ್ ನೋಡಿದ, ಮತ್ತೆ ದುಪಟ್ಟಾ ನೋಡಿದ. ಬಂದೂಕಿನ ಅಂಗಡಿಯಲ್ಲಿ ಕೆಲಸವೇ ಎಂದು ಮೂರು ಸಲ ಕೇಳಿದ. ಮೂರು ಸಲವೂ ಹೌದೆಂದೆ. ಗ್ರೀನ್ ಕಾರ್ಡ್ ಇತ್ತು, ಕಾನೂನಿನಲ್ಲಿ ತಕರಾರಿರಲಿಲ್ಲ, ಅವನ ಹೊಟ್ಟೆಯೊಳಗೆ ಏನಿತ್ತೋ ಅದು ಅವನ ಪಾಡು.

ಮಾರುವವರ ಪೈಕಿ ನಾನು ಮರ್ಯಾದೆ ಕೊಡುವಂಥವರು ಒಬ್ಬರೂ ಇಲ್ಲ. ತುಕ್ಕು ತಿಂದ ಗುಳಿಗಳ ಮೇಲೆ ಬಾಟಲಿಯಿಂದ ನೀಲಿ ಬಣ್ಣ ಒರೆಸಿ ಫೋಟೋ ತೆಗೆಯುತ್ತಾರೆ. ಸೀಳಿದ ಹಿಡಿಯ ಕಡೆಯನ್ನು ಕೆಳಗೆ ಮಾಡಿ ಮಲಗಿಸುತ್ತಾರೆ. ನಮ್ಮ ಮಾಲೀಕನೂ ಅದೇ ಮಠದ ಸ್ವಾಮಿಯೇ. ‘ವಯಸ್ಸಿಗೆ ತಕ್ಕ ಸವೆತ’ ಎಂಬುದು ಅವನ ಅಚ್ಚುಮೆಚ್ಚಿನ ಮಾತು. ನೀನು ಹಾಗೆ ಬರೆಯುವುದಾದರೆ ನನ್ನ ಕೈಯಲ್ಲಿ ಬರೆಸಬೇಡ ಎಂದೆ. ಹೊರಗೆ ಥಳುಕು ಒಳಗೆ ಹುಳುಕು ಎಂಬುದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳಲು ನನಗೆ ಬರಲಿಲ್ಲ, ಅದಕ್ಕೆ ಕೈಯಲ್ಲಿದ್ದ ರಿವಾಲ್ವರನ್ನು ಬಿಚ್ಚಿಯೇ ತೋರಿಸಿದೆ. ಅಂದಿನಿಂದ ತಪ್ಪುಗಳನ್ನೇ ಮೊದಲು ಬರೆದೆ. ಇದನ್ನು ಓದಿದ ಮೇಲೆ ಯಾವನು ಕೊಳ್ಳುತ್ತಾನೆ ಎಂದು ಅವನು ತಲೆ ಚಚ್ಚಿಕೊಂಡ. ಕೊಂಡರು. ವಾಪಸ್ ಬರುವುದೂ ನಿಂತಿತು.

ಕೊಳ್ಳುವವರೂ ಏನು ಕಡಿಮೆಯಿಲ್ಲ. ಸ್ಯಾನ್ ಡಿಯಾಗೋದ ಒಬ್ಬ ಮಹಾಶಯ, ಬೆಂಕಿಯಲ್ಲಿ ಸುಟ್ಟ ರಿವಾಲ್ವರನ್ನು ಚೆನ್ನಾಗಿ ತಿಕ್ಕಿ ತೊಳೆದರೆ ಮೊದಲಿನ ಹಾಗೆ ಆಗುತ್ತದೆಯೇ ಎಂದು ನಾಲ್ಕು ಈಮೇಲ್ ಬರೆದ. ಸುಟ್ಟ ಹಪ್ಪಳವನ್ನು ಒರೆಸಿದರೆ ಹಸಿ ಹಪ್ಪಳ ಆಗುತ್ತದೆಯೇ? ಉಕ್ಕಿನ ಹದ ಹೋಗಿದೆ, ಗುಂಡು ತುಂಬಿದರೆ ಸಿಡಿಯುತ್ತದೆ ಎಂದು ಬರೆದೆ. ಸ್ವಲ್ಪ ಕಡಿಮೆ ಗುಂಡು ಹಾರಿಸಿದರೆ ಎಂದು ಕೇಳಿದ.

ಆದರೆ ನಾನು ನಿಜವಾಗಿ ಹೆದರುತ್ತಿದ್ದದ್ದು ಸುಟ್ಟದ್ದಕ್ಕೂ ತುಕ್ಕಿಗೂ ಅಲ್ಲ. ಅವು ಕಣ್ಣಿಗೆ ಕಾಣುತ್ತವೆ. ಕಾಣದ ರೋಗವೊಂದಿದೆ. ರಿವಾಲ್ವರಿನ ಸಿಲಿಂಡರಿನಲ್ಲಿ ಆರು ಗುಂಡಿಗೆ ಆರು ಮನೆ. ಹಿಂದಿನ ಹ್ಯಾಮರನ್ನು ಎಳೆದಾಗ ಸಿಲಿಂಡರ್ ತಿರುಗಿ, ಒಂದು ಮನೆ ನಳಿಕೆಗೆ ನೇರವಾಗಿ ಬಂದು ಗಟ್ಟಿಯಾಗಿ ನಿಲ್ಲಬೇಕು. ಒಳಗಿನ ಹಲ್ಲು ಸವೆದಿದ್ದರೆ ಅದು ಕೂದಲೆಳೆಯಷ್ಟು ಹಿಂದೆಯೇ ನಿಲ್ಲುತ್ತದೆ. ಹಾರಿದ ಗುಂಡು ನಳಿಕೆಯ ಅಂಚಿಗೆ ತಾಗಿ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಹೊಡೆದವನಿಗೆ ಬಹಳ ಸಲ ಏನೂ ಆಗುವುದಿಲ್ಲ. ಪಕ್ಕದಲ್ಲಿ ನಿಂತವನ ಕೆನ್ನೆಗೋ ಕಣ್ಣಿಗೋ ಬೀಳುತ್ತದೆ. ಇದನ್ನು ಕಂಡುಹಿಡಿಯಲು ಯಂತ್ರ ಬೇಡ. ಸಿಲಿಂಡರಿನ ಮೇಲೆ ಹಗುರವಾಗಿ ಒಂದು ಬೆರಳಿಟ್ಟು, ಹ್ಯಾಮರನ್ನು ನಿಧಾನವಾಗಿ ಎಳೆದು, ಆರೂ ಮನೆ ಎಣಿಸಬೇಕು. ಅರ್ಧ ನಿಮಿಷದ ಕೆಲಸ.

ಇನ್ನು ಅಂಕಲ್ ವಿಷಯ. ಪಕ್ಕದ ಪೋರ್ಟರ್ ರ್ಯಾಂಚ್‌ನಲ್ಲಿ ಗುಡ್ಡದ ಮೇಲೆ ಮನೆ ಮಾಡಿಕೊಂಡಿದ್ದ, ರಿಟೈರಾದ ಇಂಜಿನಿಯರ್, ನಮ್ಮ ಮೈಸೂರಿನವರೇ. ಸಂಬಂಧದಲ್ಲಿ ಏನೂ ಅಲ್ಲ. ಆದರೆ ನಾವು ಹೊಸದಾಗಿ ಬಂದಾಗ ಅಪಾರ್ಟ್‌ಮೆಂಟ್ ಸಿಗುವವರೆಗೆ ಹನ್ನೆರಡು ದಿನ ಅವರ ಮನೆಯಲ್ಲಿದ್ದೆವು. ನನಗೆ ಡ್ರೈವ್ ಮಾಡಲು ಕಲಿಸಿದವರು ಅವರು. ರಂಜಾನ್ ಬಂದರೆ ಆಂಟಿ ಖರ್ಜೂರ ತಂದು ಕೊಟ್ಟು ಹೋಗುತ್ತಿದ್ದರು. ಇಷ್ಟು ಒಳ್ಳೆಯ ಮನುಷ್ಯನಿಗೆ ಒಂದು ರಿವಾಲ್ವರ್ ಬೇಕೆಂಬ ಹುಚ್ಚು ಹತ್ತಿತು. ನನ್ನನ್ನು ಒಂದು ಮಾತು ಕೇಳಬಾರದೇ? ಇಲ್ಲ. ಯಾವುದೋ ರಾಜ್ಯದ ಯಾವನೋ ಹರಾಜಿಗಿಟ್ಟದ್ದನ್ನು ತಾವೇ ಕೂಗಿ ಗೆದ್ದು, ಇಲ್ಲಿನ ಅಂಗಡಿಗೆ ತರಿಸಿ, ಕಾನೂನಿನ ಪ್ರಕಾರ ಹತ್ತು ದಿನ ಕಾದು ಮನೆಗೆ ತಂದರು. ನಿಕಲ್ ಲೇಪ ಹಾಕಿಸಿದ ಹಳೇ ಮಾಲು. ಮದುವೆ ಬ್ಯಾಂಡಿನವರ ತುತ್ತೂರಿಯ ಹಾಗೆ ಹೊಳೆಯುತ್ತಿತ್ತು.

ಅದನ್ನು ನಾನು ಮೊದಲು ನೋಡಿದ್ದು 2005ರ ಆಯುಧಪೂಜೆಯ ದಿನ, ಅವರ ಗ್ಯಾರೇಜಿನಲ್ಲಿ. ಎರಡು ಕಾರು, ಚಕ್ರದ ಕೆಳಗೆ ನಿಂಬೆಹಣ್ಣು, ಡ್ರಿಲ್ಲಿಂಗ್ ಮಶೀನು, ಕಂಪ್ಯೂಟರ್, ಆಂಟಿಯ ಮಿಕ್ಸಿ. ಎಲ್ಲದರ ನಡುವೆ ಮಣೆಯ ಮೇಲೆ ಬಾಳೆಲೆ, ಅದರ ಮೇಲೆ ರಿವಾಲ್ವರ್. ಮೈತುಂಬ ಗಂಧ, ಎರಡೂ ಕಡೆ ಹಸಿ ಕುಂಕುಮದ ಬೊಟ್ಟು, ಕೊರಳಿಗೆ ಚೆಂಡು ಹೂವು. ಪೊಮೊನಾದಿಂದ ಬಂದ, ಅಲ್ಲಿ ಎಂ.ಎಸ್. ಓದುವ ಹುಡುಗ ಹುಡುಗಿಯರ ಒಂದು ದಂಡು, ನಾಲ್ಕೈದು ಸಂಸಾರ, ಒಟ್ಟು ಮೂವತ್ತು ಜನ ಇರಬೇಕು.

“ಬಂದ್ಲು ನೋಡಿ ನಮ್ ಎಕ್ಸ್‌ಪರ್ಟು,” ಅಂದರು ಅಂಕಲ್. “ಇವಳು ದಿನಾ ಇಂಥವು ಹತ್ತು ನೋಡ್ತಾಳೆ. ತಗೋಮ್ಮ, ನೋಡಿ ಹೇಳು. ನಾನ್ ಮೋಸ ಹೋದ್ನೋ ಇಲ್ವೋ ಎಲ್ರಿಗೂ ಗೊತ್ತಾಗ್ಲಿ.”

ಹೂವು ತೆಗೆದು ಅವರೇ ನನ್ನ ಕೈಗಿಟ್ಟರು. ಖಾಲಿ ಇದೆಯೇ ಎಂದು ತೆರೆದು ನೋಡಿದೆ, ಮುಚ್ಚಿದೆ. ಅಭ್ಯಾಸಬಲ, ಬೆರಳು ತಾನಾಗಿಯೇ ಸಿಲಿಂಡರಿನ ಮೇಲೆ ಹೋಯಿತು. ಒಂದು, ಎರಡು, ಸರಿಯಾಗಿ ನಿಂತವು. ಮೂರು ನಿಲ್ಲಲಿಲ್ಲ. ನಾಲ್ಕು, ಐದು ನಿಂತವು. ಆರು ನಿಲ್ಲಲಿಲ್ಲ. ಎಳೆದ ಹ್ಯಾಮರನ್ನು ಹೆಬ್ಬೆರಳಿನಿಂದ ತಡೆದುಕೊಂಡು ಸ್ವಲ್ಪ ಮುಂದಕ್ಕೆ ತಳ್ಳಿದೆ. ಗಟ್ಟಿಯಾಗಿ ನಿಲ್ಲಬೇಕಾದದ್ದು, ಟ್ರಿಗರ್ ಮುಟ್ಟದೆಯೇ ಜಾರಿತು. ಸ್ಕ್ರೂಗಳ ತಲೆ ಕಾಣುತ್ತಿರಲಿಲ್ಲ, ಅವುಗಳ ಮೇಲೇ ಕುಂಕುಮ ಇತ್ತು. ಒರೆಸಿದ್ದರೆ ಏನು ಕಾಣುತ್ತಿತ್ತು ಎಂದು ನನಗೆ ಒರೆಸದೆಯೇ ಗೊತ್ತಿತ್ತು.

ಮೈಸೂರಿನಲ್ಲಿ ದಸರಾ ಮುಗಿದ ವಾರ ಅಬ್ಬನ ಅಂಗಡಿ ತುಂಬಿರುತ್ತಿತ್ತು. ಹಸಿ ಕುಂಕುಮ ಉಕ್ಕಿನ ಮೇಲೆ ಹಾಗೇ ಕೂತರೆ ದುಂಡಗೆ ತಿನ್ನುತ್ತದೆ. ಅಬ್ಬ ಆ ಗುಳಿ ನೋಡಿಯೇ ಇದು ಎಷ್ಟು ದಸರಾ ಕಂಡ ಬಂದೂಕು ಎಂದು ಹೇಳುತ್ತಿದ್ದರು. ಆದರೆ ಬಂದೂಕಿನ ಒಡೆಯರ ಎದುರಿಗೆ ಕುಂಕುಮ ಒರೆಸಿದವರಲ್ಲ. ಪರದೆಯ ಹಿಂದೆ ಒಯ್ದು ಒರೆಸುತ್ತಿದ್ದರು. ಪೂಜೆ ಮಾಡಿದ ಆಯುಧವನ್ನು ನಾಲ್ಕು ಜನರೆದುರು ಕೆಟ್ಟದ್ದೆಂದು ಅಂದವರೂ ಅಲ್ಲ. “ನಾಳೆ ಬನ್ನಿ ಸ್ವಾಮಿ, ಮಾತಾಡಣ,” ಅನ್ನುತ್ತಿದ್ದರು. ಮಾರನೆಯ ದಿನ ಮನುಷ್ಯ ಒಬ್ಬನೇ ಬಂದಾಗ ಒಂದಿಷ್ಟೂ ಬಿಡದೆ ಹೇಳುತ್ತಿದ್ದರು. ಅತ್ತರೂ ಸರಿ, ಬೈದರೂ ಸರಿ.

ಗ್ಯಾರೇಜಿನಲ್ಲಿ ಮೂವತ್ತು ಜನ ನನ್ನ ಮುಖ ನೋಡುತ್ತಿದ್ದರು. ಆಂಟಿ ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದರು. ತಲೆಗೆ ದುಪಟ್ಟಾ ಹಾಕಿದ ನಾನು ಪೂಜೆಯ ಕುಂಕುಮ ಒರೆಸಿ, ಇದು ಕೆಟ್ಟದ್ದು ಅಂದರೆ ಆ ಮುಖಗಳು ಹೇಗಾಗುತ್ತವೆ ಎಂದು ಯೋಚಿಸಿದೆ. ಇದನ್ನು ಆಮೇಲೆ ಎಷ್ಟೋ ಜನರ ಹತ್ತಿರ ಕಾರಣ ಎಂದು ಹೇಳಿಕೊಂಡಿದ್ದೇನೆ. ಕಾರಣವಲ್ಲ, ಪುಕ್ಕಲುತನ. ಅಬ್ಬನ ಹಾಗೆ ‘ನಾಳೆ ಮಾತಾಡೋಣ’ ಎನ್ನದ ಹಾಗೆ ಯಾರೂ ನನ್ನ ಬಾಯಿ ಕಟ್ಟಿರಲಿಲ್ಲ.

“ಚೆನ್ನಾಗಿದೆ ಅಂಕಲ್,” ಅಂದೆ.

“ಕೇಳಿದ್ರಾ?” ಅಂದರು ಅಂಕಲ್ ಎಲ್ಲರ ಕಡೆ ತಿರುಗಿ. ಆಮೇಲೆ ಊಟ. ನಾನು ಎರಡು ಹೋಳಿಗೆ ತಿಂದೆ.

ಕಾರಿನಲ್ಲಿ ನನ್ನ ಗಂಡ ಕೇಳಿದ. “ನಿಜವಾಗ್ಲೂ ಚೆನ್ನಾಗಿದ್ಯಾ ಅದು?”

“ಎರಡು ಮನೆ ನಿಲ್ಲಲ್ಲ. ಹೊಡೆದ್ರೆ ಪಕ್ಕದಲ್ಲಿರೋರಿಗೆ ಬೀಳುತ್ತೆ.”

“ಮತ್ತೆ ಹಂಗ್ಯಾಕಂದೆ?”

“ದೇವರ ಮುಂದೆ ಇಡೋದು ತಾನೆ. ಯಾರ್ ಹೊಡೀತಾರೆ ಅದ್ರಲ್ಲಿ.”

“ನಾಳೆ ಫೋನ್ ಮಾಡಿ ಹೇಳ್ಬಿಡು.”

ಹೂಂ ಅಂದೆ. ಮರುದಿನ ಮಾಡಲಿಲ್ಲ. ಹಬ್ಬದ ಮಾರನೇ ದಿನವೇ ಯಾಕೆ ಅಂದುಕೊಂಡೆ. ಮುಂದಿನ ವಾರ ಅವರ ಮನೆಗೆ ನೆಂಟರು ಬಂದಿದ್ದರು. ಆಮೇಲೆ ದೀಪಾವಳಿ. ಆಮೇಲೆ, ಇಷ್ಟು ದಿನ ಬಿಟ್ಟು ಈಗ ಹೇಳಿದರೆ ಅವತ್ತು ಸುಳ್ಳು ಹೇಳಿದ್ದು ಗೊತ್ತಾಗುತ್ತದಲ್ಲ ಎಂಬ ನಾಚಿಕೆ. ಈ ನಡುವೆ ಕೆಲಸದಲ್ಲಿ ಮಾತ್ರ ನಾನು ಮಹಾ ಸತ್ಯವಂತೆ. ಇದೇ ದೋಷ ಮುಚ್ಚಿಟ್ಟು ನಮಗೆ ಮಾಲು ಕಳಿಸಿದ ಒಬ್ಬನಿಗೆ, ಪಕ್ಕದಲ್ಲಿ ನಿಂತವನ ಕಣ್ಣಿಗೆ ಯಾರು ಹೊಣೆ ಎಂದು ಒಂದು ಪುಟ ಬೈದು ಬರೆದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಸಂಕ್ರಾಂತಿ ಕಳೆದು ಒಂದು ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಆಂಟಿ ಫೋನ್ ಮಾಡಿದರು. ಯಾರದೋ ಮನೆಯ ನಾಮಕರಣಕ್ಕೆ ಬರುತ್ತೀಯಾ ಎಂದು ಕೇಳಲು ಮಾಡಿದ್ದು.

“ನಿಮ್ ಅಂಕಲ್ ಬೆಳಗ್ಗೇನೇ ಸ್ಯಾನ್ ಡಿಯಾಗೋಗೆ ಹೊರಟ್ರಮ್ಮ, ಮಗಳ ಹತ್ರ,” ಅಂದರು. “ಅವಳ ಪಕ್ಕದ ಮನೇಲಿ ಕಳ್ಳತನ ಆಯ್ತಂತೆ. ಒಬ್ಳೇ ಇರ್ತಾಳಲ್ಲ, ಆ ಗನ್ನು ಅವಳಿಗೇ ಕೊಟ್ಬಿಡ್ತೀನಿ ಅಂತ ತಗೊಂಡೋಗಿದಾರೆ. ಮೊದ್ಲು ಶೂಟಿಂಗ್ ರೇಂಜಿಗೆ ಕರ್ಕೊಂಡೋಗಿ ಹೊಡೆಯೋದು ಕಲಿಸ್ತಾರಂತೆ. ಹನ್ನೊಂದು ಗಂಟೆಗೆ ಬುಕ್ ಮಾಡಿದಾರೆ.”

ಆ ಫೋನ್ ಇಟ್ಟೆ. ಅಂಕಲ್ ಫೋನ್‌ಗೆ ಮಾಡಿದೆ, ಅದನ್ನು ಆಂಟಿಯೇ ತೆಗೆದುಕೊಂಡು, “ಇಲ್ಲೇ ಚಾರ್ಜಿಗೆ ಹಾಕಿ ಮರೆತೋಗಿದಾರೆ ಕಣಮ್ಮ,” ಅಂದರು. ಫ್ರಿಜ್ಜಿನ ಮೇಲೆ ಅಂಟಿಸಿದ್ದ ರೇಂಜಿನ ಅಡ್ರೆಸ್ಸು, ಫೋನ್ ನಂಬರ್, ಮಗಳ ನಂಬರ್ ಓದಿ ಹೇಳಿದರು. ಯಾಕೆ ಎಂದು ಕೇಳಿದರು. ಬಂದು ಹೇಳ್ತೀನಿ ಆಂಟಿ ಎಂದೆ. ಆಗಲೂ ನಿಜ ಬಾಯಿಗೆ ಬರಲಿಲ್ಲ ನೋಡಿ.

ಎರಡು ಗಂಟೆಗೂ ಮೀರಿದ ದಾರಿ. ಗಂಡ ಡ್ರೈವ್ ಮಾಡಿದ, ನಾನು ದಾರಿಯುದ್ದಕ್ಕೂ ಫೋನ್ ಒತ್ತಿದೆ. ಗುರುತಿಲ್ಲದ ನಂಬರ್ ಎಂದು ಮಗಳು ಎತ್ತಲಿಲ್ಲ. ಹೊಡೀಬೇಡಿ, ಗನ್ ಸರಿ ಇಲ್ಲ ಎಂದು ಮೂರು ಮೆಸೇಜ್ ಬಿಟ್ಟೆ. ರೇಂಜಿಗೆ ಮಾಡಿದರೆ ಬಾಗಿಲು ತೆಗೆಯುವ ವೇಳೆ ಹೇಳುವ ರೆಕಾರ್ಡ್. ಫ್ರೀವೇಯಲ್ಲಿ ಟ್ರಾಫಿಕ್. ಗಂಡ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ಜಗಳ ಆಡಬಹುದಿತ್ತು, ಸ್ವಲ್ಪ ಹಗುರವಾಗುತ್ತಿತ್ತು.

ಹನ್ನೊಂದೂವರೆ ದಾಟಿತ್ತು ನಾವು ಒಳಗೆ ಹೋದಾಗ. ಕೌಂಟರಿನ ಪಕ್ಕದ ಬೆಂಚಿನಲ್ಲಿ ಅಂಕಲ್ ಕೂತಿದ್ದರು. ಎಡಗಣ್ಣಿನ ಮೇಲೆ ಟಿಶ್ಯೂ ಕಾಗದದ ಉಂಡೆ ಒತ್ತಿ ಹಿಡಿದಿದ್ದರು, ಅಂಗಿಯ ಕಾಲರ್ ಕೆಂಪಾಗಿತ್ತು. ಮೂರನೇ ಗುಂಡಿಗೆ ಆದದ್ದು. ಹೊಡೆದವಳು ಮಗಳು, ಇವರು ಪಕ್ಕದಲ್ಲಿ ನಿಂತು ಕಲಿಸುತ್ತಿದ್ದರು. ಗುರಿ ಸರಿಯಾಗಿ ಕಾಣುವುದಿಲ್ಲವೆಂದು ರೇಂಜಿನವರು ಕೊಟ್ಟ ಕನ್ನಡಕವನ್ನು ಹಣೆಗೆ ಏರಿಸಿದ್ದರಂತೆ. ಸೀಸದ ಚೂರನ್ನು ಮಧ್ಯಾಹ್ನ ಆಸ್ಪತ್ರೆಯಲ್ಲಿ ತೆಗೆದರು, ಕಣ್ಣು ಉಳಿಯಿತು. ಆದರೆ ಆ ಗಳಿಗೆಯಲ್ಲಿ ಅದು ಉಳಿಯುತ್ತದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಂಥ ಸ್ಥಿತಿಯಲ್ಲೂ ಅಂಕಲ್ ರೇಂಜಿನವನ ಜೊತೆ ಇಂಗ್ಲಿಷಿನಲ್ಲಿ ವಾದ ಮಾಡುತ್ತಿದ್ದರು. ಗನ್ನನ್ನು ಎಕ್ಸ್‌ಪರ್ಟ್ ಒಬ್ಬಳು ಪರೀಕ್ಷೆ ಮಾಡಿದ್ದಾಳೆ, ನೀವು ಮಾರಿದ ಗುಂಡೇ ಕೆಟ್ಟದ್ದು, ನಾನು ಕಂಪ್ಲೇಂಟ್ ಕೊಡುತ್ತೇನೆ ಎನ್ನುತ್ತಿದ್ದರು. ಅಕ್ಕಪಕ್ಕ ಗುಂಪು ಸೇರಿತ್ತು. ಮಗಳು ಕಾರಿನ ಕೀ ಹಿಡಿದು, ಡ್ಯಾಡ್, ಆಸ್ಪತ್ರೆಗೆ ಹೋಗೋಣ ಎಂದು ಇಂಗ್ಲಿಷಿನಲ್ಲಿ ಗೋಗರೆಯುತ್ತಿದ್ದಳು. ಅಂಕಲ್ ನನ್ನನ್ನು ನೋಡಿದರು. ಇವಳು ಇಲ್ಲಿಗೆ ಹೇಗೆ ಬಂದಳು ಎಂದು ಕೂಡ ಅವರಿಗೆ ಅನ್ನಿಸಲಿಲ್ಲ.

“ಬಂದ್ಯಾ, ಒಳ್ಳೇದಾಯ್ತು,” ಅಂದರು. “ಇವನಿಗೆ ನೀನೇ ಹೇಳಮ್ಮ. ನನ್ ಮಾತು ನಂಬ್ತಾ ಇಲ್ಲ.”

ನಾನು ಬಗ್ಗಿ, ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಕನ್ನಡದಲ್ಲಿ ಹೇಳಿದೆ. “ಗುಂಡಿನ ತಪ್ಪಲ್ಲ ಅಂಕಲ್. ಗನ್ನೇ ಸರಿಯಿಲ್ಲ. ನಂಗೆ ಅವತ್ತೇ ಗೊತ್ತಿತ್ತು.”

“ಅವತ್ತೇ?”

“ಹೂಂ.”

“ಮತ್ಯಾಕಮ್ಮ ಹೇಳ್ಲಿಲ್ಲ?”

“ಅಷ್ಟ್ ಜನ ಇದ್ರಲ್ಲ ಅಂಕಲ್. ನಿಮ್ಗೆ ಅವಮಾನ ಆಗುತ್ತೆ ಅಂತ.”

ಅಂಕಲ್ ತೆರೆದಿದ್ದ ಒಂದು ಕಣ್ಣಿನಿಂದ ನನ್ನನ್ನು ನೋಡಿದರು. ಟಿಶ್ಯೂ ನೆಂದಿತ್ತು, ಬೇರೆಯದನ್ನು ತೆಗೆದು ಒತ್ತಿಕೊಂಡರು. ರೇಂಜಿನವನು, ಆಕೆ ಏನು ಹೇಳುತ್ತಿದ್ದಾಳೆ ಎಂದು ಕೇಳಿದ.

ಅಂಕಲ್ ನೆಟ್ಟಗೆ ಕೂತರು. ಇಷ್ಟು ಕೆಟ್ಟ ಗುಂಡನ್ನು ತಾನು ಎಲ್ಲೂ ನೋಡಿಲ್ಲ ಅನ್ನುತ್ತಿದ್ದಾಳೆ ಎಂದು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದರು.

ನಾನು ಬಾಯಿ ಬಿಡಬೇಕಿತ್ತು. ಸುತ್ತ ಜನ ನಿಂತಿದ್ದರು, ಅಂಕಲ್ ನನ್ನ ಮಾನ ಉಳಿಸಿ ಕೂತಿದ್ದರು, ನಾನು ಸುಮ್ಮನಿದ್ದೆ. ತಲೆ ಎತ್ತಿದರೆ ಮಗಳು ನನ್ನನ್ನೇ ನೋಡುತ್ತಿದ್ದಳು. ನಾನು ಮೆಲ್ಲಗೆ ಮಾತಾಡಿದ್ದೇನೆ ಎಂದುಕೊಂಡಿದ್ದೆ, ಆದರೆ ಅವಳು ಅಪ್ಪನ ಹೆಗಲ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತಿದ್ದಳು. ಹುಟ್ಟಿದ್ದು ಅಮೆರಿಕದಲ್ಲಾದರೂ ಅವಳನ್ನು ಐದು ವರ್ಷದವರೆಗೆ ಸಾಕಿದ್ದು ಇಂಗ್ಲಿಷ್ ಬಾರದ ಅಜ್ಜಿ. ಮಾತಾಡುವುದಿಲ್ಲ ಅಷ್ಟೇ, ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ.